ನೂರೆಂಟು ಕಿಂಡಿಯ ಅಡುಗೆಮನೆ

ಕುಣಾಲ ಮಗದುಮ್ ಐದು ವರ್ಷಗಳಲ್ಲಿ ಕಾಗದದ ಮೇಲೆ ಒಂದು ಬಸ್‌ಸ್ಟಾಪು, ಒಂದು ಗ್ರಂಥಾಲಯ, ಒಂದು ದವಾಖಾನೆ, ಒಂದು ದ್ರಾಕ್ಷಿ ಮಾರುಕಟ್ಟೆ ಕಟ್ಟಿದ. ಇವು ಯಾವುದರಿಂದಲೂ ಯಾರಿಗೂ ತೊಂದರೆಯಾಗಲಿಲ್ಲ. ಕಾಗದದ ಮನೆಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲವಲ್ಲ. ಇಟ್ಟಿಗೆ ಸಿಮೆಂಟಿನಲ್ಲಿ ಅವನು ನಿಜವಾಗಿ ಕಟ್ಟಿಸಿದ್ದು ಒಂದೇ ಒಂದು: ಕಾಗವಾಡದಿಂದ ಮಂಗಸೂಳಿಗೆ ಹೋಗುವ ರಸ್ತೆಯ ತೋಟದ ಮನೆಯಲ್ಲಿ ತನ್ನ ಮಂಗಲಕಾಕುವಿನ ಅಡುಗೆಮನೆ. ಅದಕ್ಕೆ ಬಹುಮಾನವೂ ಬಂತು. ಆ ಬಹುಮಾನದ ಮಾತು ತೆಗೆದರೆ ಹುಡುಗ ಇವತ್ತಿಗೂ ಕಾಲ ಹೆಬ್ಬೆರಳು ನೋಡುತ್ತಾನೆ. ನೋಡಬೇಕಾದ್ದೇ, ಬಿಡಿ.

ಅವನ ಅಪ್ಪ ಅವ್ವ ಇಬ್ಬರೂ ರಾಯಬಾಗದ ಕಡೆ ಶಾಲೆಯಲ್ಲಿ ಕಲಿಸುವವರು. ವರ್ಗಾವಣೆಯ ಓಡಾಟದಲ್ಲಿ ಮಗನ ಓದು ಕೆಡಬಾರದೆಂದು ಹತ್ತನೆಯ ತರಗತಿಯ ತನಕ ಅವನನ್ನು ಚಿಕ್ಕಪ್ಪ ತವನಪ್ಪನ ತೋಟದ ಮನೆಯಲ್ಲಿ ಬಿಟ್ಟಿದ್ದರು. ತವನಪ್ಪನ ಹೆಂಡತಿಯೇ ಮಂಗಲಕಾಕು. ಅವರದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು, ಕಸ ಗುಡಿಸುವಾಗ ಇರುವೆ ಸಾಲು ಅಡ್ಡ ಬಂದರೆ ಅದು ದಾಟುವ ತನಕ ಕಸಬರಿಗೆ ಎತ್ತಿಕೊಂಡು ನಿಲ್ಲಬೇಕು. ಕಾಕು ಇದನ್ನೆಲ್ಲ ಯಾರಿಗೂ ಉಪದೇಶ ಮಾಡಿದವಳಲ್ಲ. ತಾನು ಮಾಡುತ್ತಿದ್ದಳು, ಅಷ್ಟೆ. ಕುಣಾಲ ದಿನಾ ಸಂಜೆ ಕ್ರಿಕೆಟ್ಟಿನ ಓವರನ್ನು ಅರ್ಧಕ್ಕೇ ಬಿಟ್ಟು ಊಟಕ್ಕೆ ಓಡುತ್ತಿದ್ದ, ಗೆಳೆಯರು ಕಿಸಕ್ಕನೆ ನಗುತ್ತಿದ್ದರು.

ಮುಂದೆ ಆರ್ಕಿಟೆಕ್ಚರ್ ಓದಲು ಬೆಳಗಾವಿಗೆ ಹೋದ. ಅದೇನು ಓದು ಎಂದು ಊರಿನವರು ಕೇಳಿದರೆ ತವನಪ್ಪ, "ನಕ್ಷೆ ತೆಗಿಯೂದು ಕಲ್ಯಾಕತ್ತಾನ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಹುಡುಗನ ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸ್ಕೇಲಿಲ್ಲದೆ ಎಳೆದ ಗೆರೆಯೂ ನೆಟ್ಟಗೆ ನಿಲ್ಲುತ್ತಿತ್ತು. ಮೊದಲ ವರ್ಷ ಕಾಗವಾಡಕ್ಕೊಂದು ಬಸ್‌ಸ್ಟಾಪು ಮಾಡಿದ, ಹಕ್ಕಿ ರೆಕ್ಕೆ ಬಿಚ್ಚಿದಂಥ ಚಾವಣಿಯದು. ಪರೀಕ್ಷಿಸಲು ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು, "ನಿಮ್ಮೂರಾಗ ಮಳಿ ಯಾವ ದಿಕ್ಕಿನಿಂದ ಹೊಡೀತೈತಿ?" ಎಂದು ಕೇಳಿದರು. ವರ್ಷಗಟ್ಟಲೆ ಆ ಮಳೆಯಲ್ಲಿ ನೆನೆದವನಿಗೆ ಉತ್ತರ ಗೊತ್ತಿರಲಿಲ್ಲ. ಎರಡನೆಯ ವರ್ಷ ಅಥಣಿಗೆ ಗಾಜಿನ ಗ್ರಂಥಾಲಯ ಮಾಡಿದ. ಅಥಣಿಯ ಬಿಸಿಲಲ್ಲಿ ಗಾಜಿನೊಳಗೆ ಕೂತವನು ಸಂಜೆಗೆ ಒಣದ್ರಾಕ್ಷಿಯಾಗಿ ಹೊರಗೆ ಬರುತ್ತಾನೆ ಎಂದು ಗೆಳೆಯರು ವಾರಗಟ್ಟಲೆ ಕಾಡಿದರು.

ಡಿಸೈನ್ ಕಲಿಸುತ್ತಿದ್ದ ಶುಭಾಂಗಿ ಮೇಡಂ ನಿಪ್ಪಾಣಿಯವರು. ತಾಯಿ ಬೀಡಿ ಕಟ್ಟಿ ಓದಿಸಿದ ಮಗಳು, ಮಾತು ನೇರ. ಅವರು ಗಾಜಿನ ಗ್ರಂಥಾಲಯವನ್ನು ಒಂದು ಸುತ್ತು ತಿರುಗಿಸಿ ನೋಡಿ, "ಕುಣಾಲ, ನಿನಗ ಗೆರಿ ಬರ್ತಾವ. ಮನುಷ್ಯಾರು ಬರೂದಿಲ್ಲ" ಎಂದರು. ಇಡೀ ತರಗತಿಯ ಮುಂದೆ ಬಿದ್ದ ಮಾತು. ಹುಡುಗನಿಗೆ ಎರಡು ದಿನ ಊಟ ರುಚಿಸಲಿಲ್ಲ.

ಮೂರನೆಯ ವರ್ಷ ಮೇಡಂ ಹೊಸ ಕೆಲಸ ಕೊಟ್ಟರು: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಆರಿಸಿಕೊಳ್ಳಿ, ಅವರಿಗಾಗಿ ಒಂದೇ ಒಂದು ಕೋಣೆ ಮಾಡಿ. ಕುಣಾಲ ಕಾಕುವನ್ನು ಆರಿಸಿಕೊಂಡ. ದಸರೆಯ ರಜೆಯಲ್ಲಿ ವಾರವಿಡೀ ಅವಳ ಹಿಂದೆ ವಹಿ ಹಿಡಿದು ತಿರುಗಿದ. ಅವಳು ಎಷ್ಟು ಗಂಟೆಗೆ ಏಳುತ್ತಾಳೆ, ನೀರು ಎಲ್ಲಿ ಸೋಸುತ್ತಾಳೆ, ಜೋಳದ ಭಾಕ್ರಿ ಬಡಿಯುವಾಗ ಬಿಸಿಲು ಯಾವ ಕೈಯ ಮೇಲೆ ಬೀಳುತ್ತದೆ, ಎಲ್ಲ ಬರೆದುಕೊಂಡ. "ಏನ್ ತಮ್ಮಾ, ನಾ ಏನ ಸರ್ಕಸ್ ಪ್ರಾಣಿ ಏನ?" ಎಂದು ಕಾಕು ನಕ್ಕಳು. ಅವಳಿಗೆ ಒಳಗೊಳಗೆ ಖುಷಿಯಾಗಿತ್ತು. ಇಷ್ಟು ವರ್ಷ ಅವಳು ಅಡುಗೆ ಮಾಡುವುದನ್ನು ಯಾರೂ ಹೀಗೆ ಕೂತು ನೋಡಿರಲಿಲ್ಲ.

ಅದರಿಂದ ಹುಟ್ಟಿದ್ದು ಬೆಳಕಿನ ಅಡುಗೆಮನೆ. ಹೊತ್ತು ಮುಳುಗುವ ಮುಂಚಿನ ಕೊನೆಯ ಬಿಸಿಲು ಒಳಗೆ ಬರಬೇಕೆಂದು ಪಡುವಣ ಗೋಡೆಯನ್ನು ಪೂರ್ತಿ ಜಾಳಿಯಾಗಿಸಿದ, ಅಂದರೆ ಇಟ್ಟಿಗೆಗಳ ನಡುವೆ ಸಾಲಾಗಿ ಕಿಂಡಿ ಬಿಟ್ಟು ಕಟ್ಟುವ ಗೋಡೆ. ಕಿಂಡಿಗಳು ಲೆಕ್ಕಕ್ಕೆ ಸರಿಯಾಗಿ ನೂರೆಂಟು, ಜಪಮಾಲೆಯ ಮಣಿಗಳಷ್ಟು. ಹಾಳೆಯ ತಲೆಗೆ ದೊಡ್ಡ ಅಕ್ಷರದಲ್ಲಿ ‘ಅಹಿಂಸೆಯ ಅಡುಗೆಮನೆ’ ಎಂದು ಬರೆದ. ಚಾತುರ್ಮಾಸಕ್ಕೆ ಊರ ಬಸದಿಯಲ್ಲಿ ಮುನಿಗಳು ತಂಗಿದಾಗ ಅವರಿಗೆ ಆಹಾರ ಕೊಡಲು ತಕ್ಕ ಶುದ್ಧ ಜಾಗ ಎಂದೂ ಸೇರಿಸಿದ. ಶುಭಾಂಗಿ ಮೇಡಂ ಬಹಳ ಹೊತ್ತು ನೋಡಿ, "ಈಗ ಬಂದ್ರು ನೋಡು ಮನುಷ್ಯಾರು" ಎಂದರು. ಹುಡುಗ ಉಬ್ಬಿಹೋದ.

ಅದೇ ಹೊತ್ತಿಗೆ ತೋಟದ ಮನೆಯ ಹಳೆಯ ಅಡುಗೆಮನೆಯ ಮಾಳಿಗೆ ಸೋರಲು ಶುರುವಾಗಿತ್ತು. ಹೊಸದು ಕಟ್ಟಲೇಬೇಕಿತ್ತು. "ನಮ್ಮ ಕುಣಾಲನs ಮಾಡಲಿ" ಎಂದು ಕಾಕು ಹಟ ಹಿಡಿದಳು. ತವನಪ್ಪ, "ಅಸೂ ದೇ" ಎಂದ. ಯಾವುದಕ್ಕೂ ಅವನು ಹಾಗೇ ಅನ್ನುತ್ತಿದ್ದ, ಇರಲಿ ಬಿಡು ಎಂಬ ಮರಾಠಿ ಮಾತು.

ಬೇಸಿಗೆಯಲ್ಲಿ ಹಳೆಯದನ್ನು ಕೆಡವಿ ಕೆಲಸ ಶುರುವಾಯಿತು. ಗೌಂಡಿ ಬಾಳು ಕಾಂಬಳೆ ಮೂವತ್ತು ವರ್ಷ ಇಟ್ಟಿಗೆ ಹಿಡಿದ ಮನುಷ್ಯ. ಜಾಳಿಯ ನಾಲ್ಕನೆಯ ಸಾಲಿಗೆ ಬಂದಾಗ ಕರಣಿ ಕೆಳಗಿಟ್ಟು ಕಿಂಡಿಯೊಳಗೆ ಬೆರಳು ತೂರಿಸಿ ನೋಡಿದ.

"ಸಾಹೇಬ್ರ, ಒಂದು ಮಾತು ಹೇಳ್ಲೇನ್ರಿ? ಸುತ್ತ ದ್ರಾಕ್ಷಿ ತ್ವಾಟಾ ಐತಿ. ಈ ತೂತಿನಾಗ ಹುಳಾ ಮನಿ ಮಾಡ್ತಾವ್ರಿ. ಒಳಗಿಂದ ಬಾರೀಕ ತಂತಿ ಜಾಳಿಗಿ ಬಡೀರಿ, ಇಲ್ಲಾ ಬಾಗಲಾ ಹಚ್ರಿ."

"ಬಾಳಣ್ಣ, ಜಾಳಿಗಿ ಬಡದ್ರ ನೆರಳು ಕೆಡತೈತಿ. ಇದು ಡಿಸೈನ್ ಐತಿ."

"ಆತ್ರಿ. ಡಿಸೈನ್ ಅಂದ್ರ ಆತು" ಎಂದು ಬಾಳು ಕರಣಿ ಎತ್ತಿಕೊಂಡ.

ಕಾಕುವೂ ಒಂದು ದಿನ ಮೆಲ್ಲಗೆ ಕೇಳಿದಳು, "ತಮ್ಮಾ, ಮುಚ್ಚಿ ತಗ್ಯಾಕ ಬರೂವಂಥಾ ಒಂದು ಕಿಡಕಿ ಇದ್ರ ಬರೂದಿಲ್ಲೇನು?" ಅವಳಿಗೆ ಕುಣಾಲ ಲ್ಯಾಪ್‌ಟಾಪಿನಲ್ಲಿ ಸೂರ್ಯನ ದಾರಿ ತೋರಿಸಿದ, ಗಾಳಿಯ ಬಾಣಗಳನ್ನು ತೋರಿಸಿದ, ಅರ್ಧ ಗಂಟೆ ಮಾತಾಡಿದ. ಕೊನೆಗೆ ಕಾಕು, "ನಿನಗ ತಿಳದಂಗ ಮಾಡಪ್ಪಾ, ನಾ ಏನ ಕಲತಾಕಿ?" ಎಂದಳು. ಹುಡುಗ ಅದನ್ನು ಒಪ್ಪಿಗೆ ಎಂದುಕೊಂಡ. ಗೋಡೆ ಮುಗಿದ ಸಂಜೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಹೇಗಿದೆ ಎಂದು ಕೇಳಿದ. ನೂರೆಂಟು ಬೆಳಕಿನ ಚುಕ್ಕೆ ನೆಲದ ಮೇಲೆ ಬಿದ್ದಿದ್ದವು. ಕಾಕು ಸುತ್ತ ನೋಡಿ, "ಛಲೋ ಐತಿ" ಎಂದಳು. ಅವಳನ್ನು ಕೂರಿಸಿ, ಒಲೆ ಹಚ್ಚದೆಯೇ, ಭಾಕ್ರಿ ಬಡಿಯುತ್ತಿರುವಂತೆ ಫೋಟೋ ತೆಗೆದ. ವಿದ್ಯಾರ್ಥಿಗಳ ಸ್ಪರ್ಧೆಯೊಂದರಲ್ಲಿ ಆ ಫೋಟೋಗೇ ಮೊದಲ ಬಹುಮಾನ ಬಂತು. ಕಾಲೇಜಿನ ಬಾಗಿಲಲ್ಲಿ ಅದನ್ನು ಆಳೆತ್ತರ ದೊಡ್ಡದು ಮಾಡಿ ತೂಗುಹಾಕಿದರು.

ಅಲ್ಲಿಂದ ಎರಡು ಮಳೆಗಾಲ ಕಳೆದವು. ಕುಣಾಲ ಊರಿಗೆ ಬರಲಿಲ್ಲವೆಂದಲ್ಲ. ದೀಪಾವಳಿಗೆ ಬಂದ, ಸೋದರಸಂಬಂಧಿಯ ಮದುವೆಗೆ ಬಂದ, ಬಂದಾಗಲೆಲ್ಲ ಪಡಸಾಲೆಯಲ್ಲಿ ಕೂತು ಉಂಡ. ಹೊಸ ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಕೇಳಿದ್ದಕ್ಕೆ ಕಾಕು, "ಮಣೂಕದ ಕ್ರೇಟ್ ಇಟ್ಟೇವಿ" ಎಂದಳು, ಮಣೂಕವೆಂದರೆ ಒಣದ್ರಾಕ್ಷಿ. ಹೊಗೆ ಮನೆಯ ಹಿಂಬದಿಯಿಂದ ಏಳುತ್ತಿತ್ತು, ಹೊಸ ಕೋಣೆಯ ಕಡೆಯಿಂದಲ್ಲ. ಅದು ಅವನ ಕಣ್ಣಿಗೆ ಬಿದ್ದಿತ್ತು. ಎದ್ದು ಹಿಂದಕ್ಕೆ ಹೋಗಿ ನೋಡಲು ಹತ್ತು ಹೆಜ್ಜೆ ಸಾಕಿತ್ತು, ಹೋಗಲಿಲ್ಲ. ಬಹುಮಾನ ಬಂದವನಿಗೆ ಹತ್ತು ಹೆಜ್ಜೆ ಬಹಳ ದೂರ.

ಐದನೆಯ ವರ್ಷ ಕೊನೆಯ ಪ್ರಾಜೆಕ್ಟಿನ ಹೊತ್ತು ಬಂತು. ಆ ಅಡುಗೆಮನೆಯನ್ನೇ ಬೆಳೆಸಿ ನಲವತ್ತು ಮನೆಗಳ ಒಂದು ಕೇರಿ ಮಾಡುತ್ತೇನೆ ಎಂದ ಕುಣಾಲ, ನಲವತ್ತಕ್ಕೂ ಅದೇ ಜಾಳಿ. ಮೇಡಂ ಒಪ್ಪಿದರು. ಒಪ್ಪಿ, "ಮೂರನೇ ವರ್ಷದ ಹುಡುಗುರನ್ನ ಕರಕೊಂಡು ಫೆಬ್ರುವರಿಯೊಳಗ ಬರ್ತೀನಿ. ಅಡಿಗಿಮನಿ ಹೆಂಗ ನಡದೈತಿ ಕಣ್ಣಾರೆ ನೋಡೂಣು" ಎಂದರು. ಬರುವ ದಿನಕ್ಕೆ ಎರಡು ದಿನ ಮೊದಲು ಕುಣಾಲ ಊರಿಗೆ ಹೋಗಿ ಮುಚ್ಚಿದ್ದ ಬಾಗಿಲು ತೆಗೆದ.

ಒಳಗೆ ಕತ್ತಲೆ. ಮಟಮಟ ಮಧ್ಯಾಹ್ನದಲ್ಲಿ, ಬೆಳಕಿಗೆಂದೇ ಕಟ್ಟಿದ ಕೋಣೆಯಲ್ಲಿ ಕತ್ತಲೆ. ಕುಂಬಾರ ಹುಳಗಳು ಬಂದು ಮಣ್ಣಿನ ಉಂಡೆ ಮೆತ್ತಿ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿಬಿಟ್ಟಿದ್ದವು. ಅಲ್ಲೊಂದು ಇಲ್ಲೊಂದು ತೆರೆದ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು. ಒಲೆಕಟ್ಟೆಯ ಮೇಲೆ ನಿಜವಾಗಿಯೂ ಮಣೂಕದ ಕ್ರೇಟುಗಳಿದ್ದವು. ಗೋಡೆಗೆ ಒಂದು ಹನಿ ಎಣ್ಣೆ ಸಿಡಿದ ಕಲೆಯಿರಲಿಲ್ಲ.

ಮನೆಯ ಹಿಂದೆ ತಗಡಿನ ಪತ್ರಾ ಹೊದಿಸಿದ ಮಾಡಿನ ಕೆಳಗೆ, ಮೂರು ಕಡೆ ಗೋಡೆಯಿಲ್ಲದ ಜಾಗದಲ್ಲಿ, ಕಾಕು ಬಗ್ಗಿ ಕೂತು ಒಲೆ ಊದುತ್ತಿದ್ದಳು. ಬೆನ್ನ ಮೇಲೆ ಬಿಸಿಲು ಬೀಳುತ್ತಿತ್ತು.

"ಎಷ್ಟ ದಿನಾ ಆತು ಕಾಕು, ಇಲ್ಲಿ?"

"ಮೊದಲನೇ ಮಳಿಗಾಲದಿಂದ" ಎಂದಳು ಕಾಕು, ಊದುಗೊಳವೆ ಕೆಳಗಿಟ್ಟು. "ಹುಳಾ ಬಂದು ಮನಿ ಮಾಡಿದ್ವು ತಮ್ಮಾ. ಒಳಗ ತತ್ತಿ ಇರ್ತಾವು, ಮರಿ ಇರ್ತಾವು. ಒಲಿ ಹಚ್ಚಿದ್ರ ಝಳಾ ಬಡದು ಸಾಯ್ತಾವು, ಇಲ್ಲಾ ಬಾಣಲಿಯೊಳಗ ಬೀಳ್ತಾವು. ನಾ ಹೆಂಗ ಅಡಿಗಿ ಮಾಡ್ಲಿ? ಒಂದು ಹಾರಿ ಹೋಗೂದರಾಗ ಮತ್ತೊಂದು ಬಂದಿರ್ತೈತಿ."

"ಮುನಿಗಳ ಆಹಾರ?"

"ಊರಾಗಿನ ಸಾವಕ್ಕನ ಮನಿಯಾಗ ಕೊಟ್ಟೆ, ಎರಡೂ ವರ್ಷ. ಯಾರ ಮನಿಯಾದ್ರೇನು" ಎಂದು ಕಾಕು ಮುಖ ಆ ಕಡೆ ತಿರುಗಿಸಿದಳು. ಮುನಿಗಳು ತನ್ನ ಹೊಸಿಲು ದಾಟಿ ಬರಬೇಕು, ತನ್ನ ಕೈಯಿಂದ ತನ್ನ ಮನೆಯಲ್ಲೇ ತುತ್ತು ಕೊಡಬೇಕು ಎಂಬುದೊಂದೇ ಅವಳ ಆಸೆಯಾಗಿತ್ತು. ಕುಣಾಲನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹಾಳೆಯಲ್ಲಿ ಬರೆದಿದ್ದ.

ಅವನಿಗೆ ಮೈಯೆಲ್ಲ ಹಿಡಿಯಾಯಿತು. ಹುಳ ಬರುವುದು ಯಾವ ಊರಿನಲ್ಲೂ ಇದ್ದದ್ದೇ. ಬೇರೆಯವರ ಮನೆಯಾದರೆ ಒಂದು ಕೋಲು ತೆಗೆದುಕೊಂಡು ಕೆಡವಿ ಬೂದಿ ಹಾಕಿ ಮುಗಿಸುತ್ತಿದ್ದರು. ಹುಳ ಕೊಲ್ಲದವಳ ಮನೆಗೇ ಹುಳಕ್ಕೆ ನೂರೆಂಟು ಕೋಣೆ ಕಟ್ಟಿಕೊಟ್ಟ ಬುದ್ಧಿವಂತ ಇವನೊಬ್ಬನೇ. ಅದೂ ಅದೇ ಮನೆಯಲ್ಲಿ ಉಂಡು ಬೆಳೆದವನು, ಗೋಡೆಯ ಹೆಸರು ಬೇರೆ ಅಹಿಂಸೆ.

ನಾಚಿಕೆಯಾದವನು ಸುಮ್ಮನೆ ತಲೆ ತಗ್ಗಿಸಿದ್ದರೆ ಇಲ್ಲಿಗೇ ಕಥೆ ಮುಗಿಯುತ್ತಿತ್ತು. ಆದರೆ ನಾಚಿಕೆ ಮನುಷ್ಯನನ್ನು ಮೊದಲು ಸುಳ್ಳಿನ ಕಡೆಗೇ ಓಡಿಸುತ್ತದೆ. ಕೊನೆಯ ಪ್ರಾಜೆಕ್ಟು ಹೋಗುತ್ತದೆ, ಬಹುಮಾನ ಹೋಗುತ್ತದೆ, ಮನುಷ್ಯರು ಬರುವುದಿಲ್ಲ ಎಂಬ ಹಳೆಯ ಮಾತು ಮತ್ತೆ ತಲೆಗೆ ಅಂಟುತ್ತದೆ ಎಂದು ಅವನು ಬೆವರಿದ. ಮರುದಿನ ಕ್ರೇಟುಗಳನ್ನು ಹೊರಗೆ ಸಾಗಿಸಿದ, ಪಾತ್ರೆ ಡಬ್ಬಿ ತಂದು ಜೋಡಿಸಿದ. ಆಮೇಲೆ ಬಾಗಿಲು ಹಾಕಿಕೊಂಡು ಸ್ಕ್ರೂಡ್ರೈವರಿನಿಂದ ಒಂದು ಗೂಡು ಕೆರೆದ. ಮಣ್ಣು ಉದುರಿ, ಅದರ ಹಿಂದೆಯೇ ಬೆಳ್ಳನೆಯ ಮೆತ್ತನೆಯ ಮರಿಯೊಂದು ಕಟ್ಟೆಯ ಮೇಲೆ ಬಿದ್ದು ಹೊರಳಿತು. ಅವನ ಕೈ ನಿಂತಿತು. ಅದನ್ನು ಕಾಗದದಲ್ಲಿ ಸುತ್ತಿ ಕಬ್ಬಿನ ಗದ್ದೆಗೆ ಎಸೆದು ಬಂದ. ಮತ್ತೊಂದು ಗೂಡು ಮುಟ್ಟಲು ಧೈರ್ಯವಾಗಲಿಲ್ಲ.

ಸಂಜೆ ಕಾಕುವಿನ ಮುಂದೆ ನಿಂತು ತೊದಲಿದ, "ನಾಳೆ ಒಂದಿನಾ ಅಷ್ಟ... ಅವರು ಬಂದಾಗ ನೀ ಒಳಗ ನಿಂತಿದ್ರ ಛಲೋ ಆಗತಿತ್ತು." ಸುಳ್ಳು ಹೇಳು ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಕೆಲಸವನ್ನು ಮುಖವೇ ಮಾಡಿತು. ಕಾಕು ಅವನನ್ನು ಒಂದು ಗಳಿಗೆ ನೋಡಿ, "ನಿಲ್ತೀನಿ ಬಿಡು" ಎಂದಳು.

ಮೇಡಂ ಇಪ್ಪತ್ತೆರಡು ವಿದ್ಯಾರ್ಥಿಗಳೊಂದಿಗೆ ಬಂದರು. ಹುಡುಗರು ಜಾಳಿಗೆ ಮುತ್ತಿಕೊಂಡು ಫೋಟೋ ತೆಗೆದರು. ಒಬ್ಬಳು ಹುಡುಗಿ, "ಇವು ಯಾಕ ಮುಚ್ಚಿದಾವ್ರಿ?" ಎಂದು ಕೇಳಿದಳು. ಕುಣಾಲ ಗಂಟಲು ಸರಿಮಾಡಿಕೊಂಡು, ಈ ಗೋಡೆ ಸಣ್ಣ ಜೀವಿಗಳಿಗೂ ಆಶ್ರಯ ಕೊಡುತ್ತದೆ, ಮನೆಯವರ ಜೊತೆಗೆ ಅವೂ ಬಾಳುತ್ತವೆ, ಇದು ಮೊದಲೇ ಯೋಚಿಸಿದ್ದು ಎಂದ. ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಸದ್ದಿಗೆ ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನಿಸಿತು. ಕಾಲೇಜಿನವರು ಬರುತ್ತಾರೆಂದು ಕೇಳಿ ಬಂದಿದ್ದ ಗೌಂಡಿ ಬಾಳು ಅಂಗಳದಲ್ಲೇ ನಿಂತು ಇದನ್ನೆಲ್ಲ ಕೇಳುತ್ತಿದ್ದ.

ಶುಭಾಂಗಿ ಮೇಡಂ ಮಾತ್ರ ಕಾಕುವಿನ ಹತ್ತಿರ ಹೋದರು. "ಕಾಕು, ಇಲ್ಲಿ ಅಡಿಗಿ ಮಾಡಾಕ ಹೆಂಗ ಅನಸ್ತೈತ್ರಿ?"

ಕಾಕು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಛಲೋ ಐತ್ರಿ. ದಿನಾ ಇಲ್ಲೇ ಮಾಡ್ತೀನ್ರಿ."

ಇಪ್ಪತ್ತೆರಡು ಮಂದಿ ಅದನ್ನು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಕಾಕು ಎಲ್ಲರಿಗಿಂತ ಮೊದಲೇ ಎದ್ದು ಬಸದಿಗೆ ಹೋಗಿಬಂದಳು. ಎಲ್ಲರಿಗೂ ಚಹಾ ಕೊಟ್ಟಳು, ತಾನು ಕುಡಿಯಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಬಡಿಸಿದಳು, ತಾನು ಕೂರಲಿಲ್ಲ. ಅವಳು ಅಷ್ಟಮಿ, ಚತುರ್ದಶಿಗೆ ಉಪವಾಸ ಇರುವುದು ಕುಣಾಲನಿಗೆ ಗೊತ್ತಿತ್ತು. ಗೋಡೆಯ ಕ್ಯಾಲೆಂಡರ್ ನೋಡಿದ. ಅವತ್ತು ಎರಡೂ ಅಲ್ಲ.

"ಕಾಕಾ, ಕಾಕು ಯಾಕ ಉಂಡಿಲ್ಲ?" ಎಂದು ತವನಪ್ಪನನ್ನು ಕೇಳಿದ.

ತವನಪ್ಪ ಹಲ್ಲಿನಲ್ಲಿ ಸಿಕ್ಕಿದ್ದನ್ನು ತೆಗೆಯುತ್ತ ಸಾವಕಾಶ ಹೇಳಿದ, "ನಿನ್ನೆ ನಿಮ್ಮ ಮೇಡಂ ಮುಂದ ಸುಳ್ಳ ಹೇಳ್ಯಾಳಂತ. ಅದಕ್ಕ ಪ್ರಾಯಶ್ಚಿತ್ತ. ನೀರೂ ಮುಟ್ಟಿಲ್ಲ. ನಾ ಅಂದೆ, ಹುಡುಗನ ಸಲವಾಗಿ ಹೇಳಿದ್ದು, ಅಸೂ ದೇ ಅಂತ. ಕೇಳವಲ್ಲಳು."

ಕುಣಾಲ ಎದ್ದು ನಿಂತ, ಮತ್ತೆ ಕೂತ. ತಾನು ಹೇಳಿದ ಸುಳ್ಳಿಗೆ ಚಪ್ಪಾಳೆ ಬಿದ್ದಿತ್ತು. ಅವಳು ಹೇಳಿದ್ದು ನಾಲ್ಕು ಮಾತು, ಅದಕ್ಕೆ ಅವಳು ಬಿಸಿಲ ಹೊತ್ತಿನಲ್ಲಿ ನೀರಿಲ್ಲದೆ ದುಡಿಯುತ್ತಿದ್ದಳು. ಅವನಿಗೆ ನಿಜವಾಗಿ ನಾಚಿಕೆಯಾದದ್ದು ಅವತ್ತೇ. ಹಿಂದಿನ ಮೂರು ದಿನ ಆಗಿದ್ದು ಸಿಕ್ಕಿಬೀಳುವ ಹೆದರಿಕೆ, ನಾಚಿಕೆಯಲ್ಲ ಎಂಬುದು ಆಗ ತಿಳಿಯಿತು.

ಕಾಕು ಮಣೂಕದ ಶೆಡ್ಡಿನಲ್ಲಿದ್ದಳು. ನೆರಳಲ್ಲಿ ಸಾಲುಸಾಲಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಅವಳು ಒಂದೊಂದೇ ಗೊಂಚಲು ತಿರುವಿಹಾಕುತ್ತಿದ್ದಳು, ತುಟಿ ಒಣಗಿತ್ತು. ಕುಣಾಲ ಹತ್ತಿರ ಹೋಗಿ ನಿಂತ.

"ಕಾಕು, ಮೇಡಂಗ ಫೋನ್ ಮಾಡಿ ಖರೇ ಹೇಳಿಬಿಡ್ತೀನಿ."

ಕಾಕುವಿನ ಕೈ ನಿಂತಿತು. "ಹೇಳಿದ್ರ ನಾ ಸುಳ್ಳಿ ಅಂತ ಆಗತೈತಿ. ಇಪ್ಪತ್ತು ಹುಡುಗುರು ಬರಕೊಂಡ ಹೋಗ್ಯಾರ."

ಅದು ಅವನಿಗೆ ಹೊಳೆದೇ ಇರಲಿಲ್ಲ. ಖರೆ ಹೇಳಿ ತಾನು ಹಗುರಾಗುವುದು, ಹೆಸರು ಕೆಡುವುದು ಅವಳದು. ಹೇಳದಿದ್ದರೆ ನಲವತ್ತು ಮನೆಗೆ ಅದೇ ಗೋಡೆ, ಆ ಇಪ್ಪತ್ತೆರಡು ಹುಡುಗರು ಇನ್ನೆಷ್ಟು ಮನೆಗೆ ಕಟ್ಟುತ್ತಾರೋ.

"ಹಂಗಾರ ನಿನ್ನ ಹೆಸರು ಬಿಟ್ಟು ಹೇಳ್ತೀನಿ. ನಾನs ಹೇಳಿಸಿದೆ ಅಂತೀನಿ."

"ನೀ ಎಲ್ಲಿ ಹೇಳಿಸಿದಿ? ಬಾಯಿ ನಂದು, ನಾ ಹೇಳೀನಿ" ಎಂದಳು ಕಾಕು. ಆಮೇಲೆ ಒಂದು ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತಳು. "ಹಚ್ಚು ಫೋನು. ನನ್ನ ಮುಂದs ಹೇಳು. ನಂದೂ ಹೇಳು, ನಿಂದೂ ಹೇಳು. ಒಂದು ಅಕ್ಷರ ಬಿಡಬ್ಯಾಡ."

ಅವನು ಹೇಳಿದ. ಮುಚ್ಚಿದ ಬಾಗಿಲು, ಪತ್ರಾದ ಕೆಳಗಿನ ಒಲೆ, ಸಾವಕ್ಕನ ಮನೆ, ಬಾಳು ಕೊಟ್ಟ ಎಚ್ಚರಿಕೆ, ಎಲ್ಲ ಹೇಳಿದ. ಫೋಟೋ ತೆಗೆದಾಗ ಒಲೆ ಹಚ್ಚಿರಲಿಲ್ಲ ಎಂಬುದನ್ನೂ ಹೇಳಿದ. ಕಾಕು ಹೇಳಿದ್ದು ಸುಳ್ಳು ಎನ್ನುವಾಗ ದನಿ ಬಿದ್ದುಹೋಯಿತು, ಕಾಕು ಕೈಸನ್ನೆ ಮಾಡಿ ಗಟ್ಟಿಯಾಗಿ ಹೇಳಿಸಿದಳು. ಕೊನೆಗೆ ಒಂದು ಉಳಿಯಿತು. ಅದನ್ನು ಹೇಳದೆ ಫೋನ್ ಇಡಬಹುದಾಗಿತ್ತು, ಯಾರೂ ನೋಡಿರಲಿಲ್ಲ.

"ಮತ್ತ, ಮೇಡಂ... ಒಂದು ಗೂಡು ನಾ ಕೆರದೆ. ಒಳಗ ಮರಿ ಇತ್ತು. ಸತ್ತು ಹೋತು."

ಕಾಕು ಕಣ್ಣು ಮುಚ್ಚಿಕೊಂಡಳು. ಅವನ ಕಡೆ ನೋಡಲಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಕುಣಾಲ ನೆಲದ ಮೇಲೆ ಉದುರಿದ್ದ ದ್ರಾಕ್ಷಿ ತೊಟ್ಟುಗಳನ್ನು ನೋಡುತ್ತ ನಿಂತ.

ಆ ಕಡೆಯಿಂದ ಮೇಡಂ, ಸಿಟ್ಟಿಲ್ಲದೆ, ಆದರೆ ಸಲಿಗೆಯೂ ಇಲ್ಲದೆ ಹೇಳಿದರು, "ಬಹುಮಾನ ಕೊಟ್ಟವರಿಗೆ ಪತ್ರ ನೀನs ಬರಿ. ಆ ಹುಡುಗುರ ಮುಂದನೂ ನಿಂತು ನೀನs ಹೇಳು. ನಲವತ್ತು ಮನಿ ಇಲ್ಲಿಗೇ ಬಿಡು. ಗೂಡು ಖಾಲಿ ಆಗೂತನಕಾ ಕಾದು, ಆ ಒಂದು ಗ್ವಾಡಿ ಸರಿ ಮಾಡು, ಅದs ನಿನ್ನ ಕೊನೀ ಪ್ರಾಜೆಕ್ಟು. ಈ ವರ್ಷ ಮುಗೀಲಿಲ್ಲಂದ್ರ ಬರೂ ವರ್ಷ." ಆಮೇಲೆ ದನಿ ತಗ್ಗಿಸಿ, "ಕಾಕು ಅಲ್ಲೇ ಅದಾರೇನು? ನಾ ನಮಸ್ಕಾರ ಹೇಳೀನಂತ ಹೇಳು" ಎಂದು ಫೋನ್ ಇಟ್ಟರು.

ಕಾಕು ಏಳುವಾಗ ಕಂಬ ಹಿಡಿದುಕೊಂಡಳು. "ನಡಿ. ಹೊತ್ತು ಮುಳಗೂದರಾಗ ಊಟಾ ಮಾಡು."

"ನನಗ ಬ್ಯಾಡ. ಇವತ್ತು ನಂದೂ ಉಪವಾಸ."

"ನಿನ್ನ ಉಪವಾಸ ಯಾರಿಗಿ ಬೇಕಾಗೇತಿ? ನಂದು ಮಾತಿನ ತಪ್ಪು, ಹೊಟ್ಟಿ ಕಟ್ಟಿ ತೀರಸ್ತೀನಿ. ನಿಂದು ಕೈಯಿಂದ ಆದ ತಪ್ಪು. ಹೊಟ್ಟಿ ಕಟ್ಟಿದ್ರ ಹೋಗೂದಲ್ಲ, ದುಡದು ತೀರಸಬೇಕು. ಉಣ್ಣು ನಡಿ."

ಪತ್ರಾದ ಕೆಳಗೆ ಅವನನ್ನು ಕೂರಿಸಿ ಭಾಕ್ರಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಪಡುವಣ ಬಿಸಿಲು ಅಡ್ಡವಾಗಿ ಬಂದು ತಾಟಿನ ಮೇಲೆ ಬಿದ್ದಿತ್ತು. ಬೆಳಗಿನಿಂದ ಹನಿ ನೀರು ಮುಟ್ಟದವಳು ಎದುರಿಗೆ ಕೂತು ನೋಡುತ್ತಿರುವಾಗ ತುತ್ತು ಬಾಯಿಗಿಡುವುದು ಅವನಿಗೆ ಅದುವರೆಗಿನ ಎಲ್ಲಕ್ಕಿಂತ ಕಷ್ಟವಾಯಿತು. ಆದರೂ ಇಟ್ಟ. ಅಗಿದ.

"ನಾ ರುಚಿ ನೋಡಿಲ್ಲ. ಉಪ್ಪು ಹೆಂಗೈತಿ?" ಎಂದು ಕಾಕು ಕೇಳಿದಳು.

ಛಲೋ ಐತಿ ಎನ್ನಲು ಅವನ ನಾಲಿಗೆ ಆಗಲೇ ಎದ್ದಿತ್ತು. ತಡೆದುಕೊಂಡ. "ಹೆಚ್ಚಾಗೇತಿ ಕಾಕು. ಬಾಯಾಗ ಇಡಾಕ ಆಗವಲ್ದು."

ಕಾಕು ಪಲ್ಯ ತೆಗೆದು ಬದಿಗಿಟ್ಟಳು, ಗಡಿಗೆಯಿಂದ ಮೊಸರು ಹಾಕಿದಳು. ಹಾಕಿ, ಸೌಟು ಕೈಯಲ್ಲೇ ಹಿಡಿದು ಕೂತಳು.

"ಗ್ವಾಡಿ ಮುಗದ ದಿನಾ ನೀ ಕೇಳಿದಾಗ ನಾನೂ ನಿನಗ ಹಿಂಗs ಹೇಳಬೇಕಾಗಿತ್ತು. ಹುಡುಗ ನೊಂದಕೋತಾನ ಅಂತ ಬಾಯಿ ಮುಚಗೊಂಡೆ. ನನ್ನ ಮೊದಲನೇ ಸುಳ್ಳು ನಿನ್ನೆ ಹೇಳಿದ್ದಲ್ಲ ತಮ್ಮಾ, ಅವತ್ತು ಹೇಳಿದ್ದು" ಎಂದಳು ಕಾಕು. "ಅದಕ್ಕ ನಾಳೇನೂ ಒಂದಿನಾ ಉಪವಾಸ ಹಿಡೀತೀನಿ. ನೀ ಉಣ್ಣು."